ಭರಣಿಯ ಮುದುಕಿ

ಸೆಪ್ಟೆಂಬರ್ ೯
(ಕಚೇರಿಯ ಮೂಲಕ)

ಮಗಳಿಗೆ,

ನೀವು ಮೂವರೂ ಇಟ್ಟಿಗೆ ಕಾರ್ಖಾನೆಯಲ್ಲಿ ಇಳಿದಿದ್ದೀರೆಂದು ಕಚೇರಿಯವರ ಕಾರ್ಡು ಬಂತು. ಶೆಡ್ಡಿಗೆ ಬಾಗಿಲು ಇದೆಯೆ? ಅಮ್ಮನ ಸೊಂಟ ಹೇಗಿದೆ? ಚಿಕ್ಕವಳು ಗುಬ್ಬಿ ರೈಲಿನಲ್ಲಿ ವಾಂತಿ ಮಾಡಿಕೊಂಡಳೆ? ನಾನು ಬೇಕರಿಯಲ್ಲೇ ಇದ್ದೇನೆ. ಮೇಲಿನ ಮನೆಗೆ ಬೀಗ ಹಾಕಿ ಅರಗು ಒತ್ತಿದ್ದಾರೆ, ಹಾಗಾಗಿ ಹಿಟ್ಟಿನ ಮೂಟೆಗಳೇ ಹಾಸಿಗೆ.

ನನಗೆ ಮುದುಕಿಯದೇ ಚಿಂತೆ. ಅವಳಿಗೆ ಥಂಡಿ ತಾಗಬಾರದು. ದಿನಕ್ಕೊಂದು ಸಲ ತಪ್ಪದೆ ಉಣಿಸಿ. ನಿಮಗೆ ಕಡಿಮೆ ಬಿದ್ದರೂ ಅವಳ ಪಾಲಿನ ಹಿಡಿ ಹಿಟ್ಟು ತೆಗೆದಿಡಿ, ನೀರು ಉಗುರು ಬೆಚ್ಚಗಿರಲಿ. ಬಟ್ಟೆ ಹೊದಿಸಿ, ಆದರೆ ಉಸಿರುಗಟ್ಟುವ ಹಾಗೆ ಸುತ್ತಬೇಡಿ. ಇಷ್ಟು ವರ್ಷ ನಮ್ಮನ್ನೆಲ್ಲ ಸಾಕಿದವಳು, ನಮ್ಮ ಕೈಯಲ್ಲಿ ಸಾಯಬಾರದು.

ಇಲ್ಲಿ ಬೇರೆ ಸುದ್ದಿ ಇಲ್ಲ.

ಅಪ್ಪ


ಸೆಪ್ಟೆಂಬರ್ ೨೪
(ಗಾರ್ಡ್ ಮಾವನ ಕೈಯಲ್ಲಿ)

ಅಪ್ಪನವರಿಗೆ,

ಇದನ್ನು ತರುತ್ತಿರುವವರು ಗೂಡ್ಸ್ ರೈಲಿನ ಗಾರ್ಡು, ನಮ್ಮ ಬೇಕರಿಗೆ ಬಂದು ಸೀದ ಬ್ರೆಡ್ಡನ್ನೇ ಆರಿಸಿ ಕೊಳ್ಳುತ್ತಿದ್ದ ಅದೇ ಗಾರ್ಡ್ ಮಾವ. ದಾರಿಯಲ್ಲಿ ಯಾರೂ ಒಡೆದು ಓದುವುದಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿಮ್ಮ ಕಾಗದ ನಮ್ಮ ಕೈ ಸೇರುವ ಮೊದಲು ಕಚೇರಿಯ ಗುಮಾಸ್ತನ ಕೈ ಸೇರಿತು. ಅವನು ಅಮ್ಮನನ್ನೂ ನನ್ನನ್ನೂ ಕಿಟಕಿಯ ಮುಂದೆ ಕರೆಸಿ, ಮುಖ ಎತ್ತದೆ ಕೇಳಿದ.

“ಮುದುಕಿ ಎಲ್ಲಿದಾಳೆ?”

ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. “ಇಟ್ಟಿಗೆ ಗೂಡಿನ ಗೋಡೆ ಪಕ್ಕ ಮಲಗಿಸಿದೀನಿ ಸ್ವಾಮಿ. ಅಲ್ಲಿ ಬೆಚ್ಚಗಿದಾಳೆ.”

“ಹಾಜರಿಗೆ ಯಾಕೆ ಬರಲ್ಲ?”

“ಅವಳೆಲ್ಲಿ ಬರ್ತಾಳೆ? ಅಲ್ಲಾಡಿಸಿದ್ರೆ ಸಾಕು, ಕುಸಿದುಬಿಡ್ತಾಳೆ.”

ಇಷ್ಟು ಹೇಳಿದ ಮೇಲೆ ಅಮ್ಮನಿಗೆ ಹೊಳೆಯಿತು. ಅಷ್ಟರಲ್ಲಿ ಗುಮಾಸ್ತ ಬರೆದು ಮುಗಿಸಿದ್ದ: ವೃದ್ಧೆ ಒಬ್ಬರು, ಹಾಸಿಗೆ ಹಿಡಿದವರು. ಆವತ್ತಿನಿಂದ ನಮಗೆ ಒಬ್ಬರ ಪಡಿತರ ಹೆಚ್ಚಿಗೆ ಬರುತ್ತಿದೆ. ನಿಮ್ಮ ಅಜ್ಜಿ ಕಲಸಿದ ಹಿಟ್ಟಿನಲ್ಲಿ ದಿನವೂ ಒಂದು ಹಿಡಿ ಉಳಿಸಿ, ಮರುದಿನದ ಹಿಟ್ಟಿಗೆ ಬೆರೆಸಿ, ಹೀಗೇ ನಿಮ್ಮ ಕಾಲದವರೆಗೂ ನಡೆಸಿಕೊಂಡು ಬಂದ ಹುಳಿಹಿಟ್ಟು ಅದು. ಒಂದು ಭರಣಿಯಲ್ಲಿ ಇರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹಿಟ್ಟು ಎಂದು ಕರೆದದ್ದಿಲ್ಲ ಎನ್ನುವುದು ಕಚೇರಿಗೆ ಹೇಗೆ ಗೊತ್ತಾಗಬೇಕು? ಬರೆಯುವಾಗ ನಿಮಗೂ ಹೊಳೆಯಲಿಲ್ಲ, ಉತ್ತರ ಕೊಡುವಾಗ ಅಮ್ಮನಿಗೂ ಹೊಳೆಯಲಿಲ್ಲ.

ವ್ಯಾಗನ್ನಿನಲ್ಲಿ ಅಮ್ಮ ಆ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಕಾಲು ಚಾಚಲು ಜಾಗವಿಲ್ಲದ ಕಡೆ ಹಿಟ್ಟಿಗೆ ಜಾಗ ಕೊಟ್ಟಿದ್ದಕ್ಕೆ ಪಕ್ಕದವರು ಬೈದರು. ಎರಡನೆಯ ದಿನ ಹಿಟ್ಟು ಉಕ್ಕಿ ಅವಳ ಸೆರಗಿಗೆಲ್ಲ ಅಂಟಿತು. ಗುಬ್ಬಿ ಅದನ್ನು ನೋಡಿ ನಕ್ಕಳು. ಅದಾದ ಮೇಲೆ ಅವಳು ನಕ್ಕಿಲ್ಲ.

ನಿಮ್ಮ ಅಜ್ಜಿ ನದಿಯ ಆಚೆ ದಡದವಳು, ಈಗ ಯುದ್ಧ ಆ ದಡದ ಜೊತೆ. ನಮ್ಮ ಗಡೀಪಾರಿಗೆ ಅಷ್ಟೇ ಕಾರಣ. ಆ ಲೆಕ್ಕದಲ್ಲಿ ನಮಗಿಂತ ನೀವು ಅವಳಿಗೆ ಹತ್ತಿರ. ಆದರೂ ನಿಮ್ಮ ರಕ್ತಕ್ಕೆ ವಿನಾಯಿತಿ, ನಮ್ಮ ರಕ್ತಕ್ಕೆ ವ್ಯಾಗನ್ನು. ಏಕೆಂದರೆ ಸಿಪಾಯಿಗಳಿಗೆ ಬೆಳಗಾದರೆ ಬ್ರೆಡ್ಡು ಬೇಕು. ನಮ್ಮ ಬಾಗಿಲಿಗೆ ಬೀಗ ಹಾಕಿದ ಸಿಪಾಯಿ ಆವತ್ತು ತಿಂದು ಬಂದದ್ದು ಯಾರು ಮಾಡಿದ ಬ್ರೆಡ್ಡು? ನೀವು ಇದನ್ನು ಯೋಚಿಸಿಯೇ ಇರುತ್ತೀರಿ. ಉತ್ತರ ನಿಮ್ಮ ಹತ್ತಿರವೇ ಇರಲಿ.

ಸುಳ್ಳು ಆಳುವವರ ಆಯುಧವೆಂದು ನಾನು ಓದಿದ್ದೇನೆ, ನಂಬಿದ್ದೇನೆ. ಇಲ್ಲದ ಬಾಯಿಗೆ ಬರುವ ಪಡಿತರ ಈ ಶೆಡ್ಡಿನ ಯಾರದೋ ಬಾಯಿಂದ ಕಿತ್ತದ್ದೇ. ನಾನು ಕಚೇರಿಗೆ ಹೋಗಿ ನಿಜ ಹೇಳುತ್ತೇನೆ.

ಯಾರ ಹಂಗಿಗೂ ಬೀಳದ
ಮಗಳು


ಅಕ್ಟೋಬರ್ ೬
(ಗಾರ್ಡನ ಕೈಯಲ್ಲಿ)

ಮಗಳಿಗೆ,

ಕಚೇರಿಯವರು ಓದುವ ಕಾಗದದಲ್ಲಿ ನೀನು ನನ್ನನ್ನು ‘ನೀವು’ ಅಂದರೆ ಅರ್ಥವಾಗುತ್ತದೆ. ಗಾರ್ಡು ತಂದದ್ದರಲ್ಲೂ ಅಂದಿದ್ದೀಯ. ಮಾತು ಬಂದಾಗಿನಿಂದ ನನ್ನನ್ನು ‘ಹೋಗೋ ಬಾರೋ’ ಅನ್ನುತ್ತಿದ್ದವಳು. ಇರಲಿ.

ನೀನು ಕೇಳಿದ್ದನ್ನು ಯೋಚಿಸಿದ್ದೇನೆ. ನಾನು ಮಾಡದಿದ್ದರೆ ಸಿಪಾಯಿಗಳು ಉಪವಾಸ ಬೀಳುವುದಿಲ್ಲ, ಬೇರೆ ಯಾರನ್ನಾದರೂ ತಂದು ಕೂರಿಸುತ್ತಾರೆ. ನಾನು ಇಲ್ಲಿದ್ದರೆ, ನೀವು ಬಂದ ದಿನ ಬಾಗಿಲು ತೆಗೆಯಲು ಒಬ್ಬನಾದರೂ ಇರುತ್ತಾನೆ. ನನ್ನ ಸಿದ್ಧಾಂತ ಇಷ್ಟೇ, ಇದಕ್ಕೆ ಕರಪತ್ರ ಇಲ್ಲ. ನೀನು ಓದಿದ ಕರಪತ್ರಗಳನ್ನೂ ಬ್ರೆಡ್ಡು ಸುತ್ತಲು ಅಚ್ಚುಕೂಟದ ರದ್ದಿಯಲ್ಲಿ ಹೊತ್ತು ತಂದವನು ನಾನೇ. ಸುತ್ತುವುದಕ್ಕೆ ಮೊದಲು ನೀನು ಓದುತ್ತಿದ್ದೆ. ಗಿರಾಕಿಗಳು ಕಾಯುತ್ತಿದ್ದರು.

ಇಲ್ಲಿ ಸೈನ್ಯದವರು ಪೊಟ್ಟಣದ ಯೀಸ್ಟ್ ಕೊಡುತ್ತಾರೆ. ಹಿಟ್ಟು ಬೇಗ ಉಬ್ಬುತ್ತದೆ, ಬ್ರೆಡ್ಡಿಗೆ ರುಚಿ ಮಾತ್ರ ಇಲ್ಲ. ಗಾರ್ಡು ಒಂದು ತುಂಡು ಕಚ್ಚಿ, ಅಯ್ಯಾ, ಇದನ್ನು ಸೀಯಿಸಿ ಕೊಟ್ಟರೂ ಬೇಡ ಅಂದ.

ಕಚೇರಿಗೆ ಹೋಗಬೇಡ. ಆ ಪಡಿತರದ ಹಿಟ್ಟು ಗುಬ್ಬಿಗೆ ಬೇಕು. ಮುದುಕಿ ಬೇಡ ಅನ್ನುವುದಿಲ್ಲ, ಅವಳು ಯಾವತ್ತೂ ಒಬ್ಬಳೇ ಉಂಡವಳಲ್ಲ.

ಅಪ್ಪ


ಅಕ್ಟೋಬರ್ ೨೮
(ಗಾರ್ಡ್ ಮಾವನ ಕೈಯಲ್ಲಿ)

ಅಪ್ಪನವರಿಗೆ,

ನಿಮ್ಮ ಕಾಗದ ಬರುವ ಮೊದಲೇ ನಾನು ಕಚೇರಿಗೆ ಹೋಗಿ ಬಂದಾಗಿತ್ತು.

ಹೇಳಬೇಕಾದದ್ದನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನಮ್ಮ ಮನೆಯಲ್ಲಿ ಯಾವ ವೃದ್ಧೆಯೂ ಇಲ್ಲ, ಮುದುಕಿ ಎನ್ನುವುದು ಹುಳಿಹಿಟ್ಟಿನ ಭರಣಿಯ ಅಡ್ಡಹೆಸರು, ಬಂದ ಪಡಿತರವನ್ನು ವಾಪಸು ತೆಗೆದುಕೊಳ್ಳಬೇಕು ಎಂದೆ. ಗುಮಾಸ್ತ ಪೆನ್ನು ಕೆಳಗಿಟ್ಟ. ಅವನು ನನ್ನ ಮುಖ ನೋಡಿದ್ದು ಅದೇ ಮೊದಲು.

“ಸಾಕಿ ಸಲಹಿದ ಅಜ್ಜೀನ ಹಿಟ್ಟು ಅಂತೀಯಲ್ಲ, ನಾಚ್ಕೆ ಆಗಲ್ವೇನೇ ನಿಂಗೆ?”

ಭರಣಿಯನ್ನು ತಂದು ತೋರಿಸುತ್ತೇನೆ ಎಂದೆ. ಅವನು ನಿಮ್ಮ ಕಾಗದವನ್ನು ತೆಗೆದು ನನಗೇ ಓದಿ ಹೇಳಿದ, “ಉಸಿರುಗಟ್ಟುವ ಹಾಗೆ ಸುತ್ತಬೇಡಿ” ಎನ್ನುವ ಜಾಗದಲ್ಲಿ ಧ್ವನಿ ತಗ್ಗಿಸಿ. ಹಿಟ್ಟಿಗೆ ಯಾರಾದರೂ ಹೀಗೆ ಬರೆಯುತ್ತಾರೆಯೆ ಎಂದು ಕೇಳಿದ. ಅವನಿಗೂ ಊರಿನಲ್ಲಿ ತಾಯಿ ಇದ್ದಾಳಂತೆ. ಸರದಿಯಲ್ಲಿ ನಿಂತಿದ್ದವರ ಮುಂದೆ ನನ್ನನ್ನು ಬೈದು ಕಳಿಸಿದ. ಈಗ ದಿನಾ ಬೆಳಗಿನ ಹಾಜರಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, “ಅಜ್ಜಿಗೆ ಉಣಿಸಿದೆಯಾ?” ಎಂದು ವಿಚಾರಿಸುತ್ತಾನೆ. ನೋಡಿ ಹೋಗಲು ಒಮ್ಮೆ ಶೆಡ್ಡಿಗೂ ಬಂದ. ಒಳಗೆ ಯಾರೋ ಕೆಮ್ಮಿದ್ದು ಕೇಳಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿನಿಂದಲೇ ಹೊರಟುಹೋದ.

ಹೀಗೆ ನಿಜವನ್ನು ಒಪ್ಪಿಸಿಯಾಯಿತು, ಕಚೇರಿ ಅದನ್ನು ತೆಗೆದುಕೊಳ್ಳಲಿಲ್ಲ. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನಾನು ಓದಿದ ಯಾವುದರಲ್ಲೂ ಬರೆದಿಲ್ಲ.

ಒಳಗೆ ಕೆಮ್ಮಿದ್ದು ಗುಬ್ಬಿ. ಇಲ್ಲಿ ಎಲ್ಲರಿಗೂ ಕೆಲಸ ಇದೆ. ಅಮ್ಮ ಮತ್ತು ನಾನು ಹಸಿ ಇಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಒಣಗುವ ಜಾಗಕ್ಕೆ ಹೊರುತ್ತೇವೆ. ಮಕ್ಕಳು ಅಚ್ಚುಗಳನ್ನು ತಣ್ಣೀರಿನಲ್ಲಿ ತೊಳೆಯಬೇಕು. ಗುಬ್ಬಿಯ ಕೈ ಮೊಣಕೈವರೆಗೆ ಬಿರಿದಿದೆ. ಎದೆಯಲ್ಲಿ ಶಬ್ದ ಬರುತ್ತದೆ. ಚಳಿ ಹಿಡಿಯುವ ಮೊದಲು ಒಣಗಿದ ಬೆಚ್ಚನೆಯ ಕೋಣೆಗೆ ಹೋಗದಿದ್ದರೆ ಕಷ್ಟ ಎಂದು ಕಾಂಪೌಂಡರ್ ಹೇಳಿದರು. ಅಂಥ ಕೋಣೆ ಎಲ್ಲಿದೆ ಎಂದು ನಾನು ಕೇಳಿದೆ. ಅವರು ಮುಂದಿನವರನ್ನು ಕರೆದರು.

ಅಮ್ಮನಿಗೆ ಮುಂದಿನ ಎರಡು ಹಲ್ಲು ಹೋದವು. ಜಾರಿಬಿದ್ದಾಗ ಹಲಗೆಯ ತುದಿ ಬಡಿಯಿತು. ಈಗ ತಲೆಗೆ ಯಾವಾಗಲೂ ಬಟ್ಟೆ ಕಟ್ಟಿಕೊಂಡೇ ಇರುತ್ತಾಳೆ, ಧೂಳಿಗೆ ಅನ್ನುತ್ತಾಳೆ.

ಮುದುಕಿ ಮಾತ್ರ ಸುಖವಾಗಿದ್ದಾಳೆ.

ಮಗಳು


ನವೆಂಬರ್ ೧೯
(ಕಚೇರಿಯ ಮೂಲಕ)

ತೀರ್ಥರೂಪರಾದ ಅಪ್ಪನವರಿಗೆ,

ನಾವೆಲ್ಲ ಕ್ಷೇಮ. ಹೊಸ ಆದೇಶ ಬಂದಿರುವುದನ್ನು ತಿಳಿಸಲು ಬರೆಯುತ್ತಿದ್ದೇನೆ. ಕೆಲಸ ಮಾಡಲಾಗದ ವೃದ್ಧರು, ಊರಿನಲ್ಲಿ ಸರ್ಕಾರಿ ಕೆಲಸದಲ್ಲಿರುವ ಮಗನೋ ಮಗಳೋ ಇದ್ದರೆ, ಒಬ್ಬ ಸಹಾಯಕರ ಜೊತೆ ವಾಪಸು ಹೋಗಬಹುದು. ಗುಮಾಸ್ತರು ತಾವಾಗಿಯೇ ನನ್ನನ್ನು ಕರೆದು ತಿಳಿಸಿದರು. ಸೈನ್ಯಕ್ಕೆ ಬ್ರೆಡ್ಡು ಒದಗಿಸುವುದು ಸರ್ಕಾರಿ ಕೆಲಸವೆಂದೇ ಲೆಕ್ಕವಂತೆ.

ಅಜ್ಜಿಯನ್ನು ನೋಡಿಕೊಳ್ಳುತ್ತೇನೆಂದು ನೀವು ಒಪ್ಪಿ ಬರೆದು ಕಳಿಸಬೇಕು. ಸಹಾಯಕ್ಕೆ ಗುಬ್ಬಿ ಬರುತ್ತಾಳೆ. ಅವಳಿಗೆ ಕೆಮ್ಮು ಸ್ವಲ್ಪ ಇದೆ.

ತಡ ಮಾಡಬೇಡಿ. ಇಲ್ಲಿ ನೀರಿನ ಮೇಲೆ ಮಂಜುಗಡ್ಡೆ ಕಟ್ಟತೊಡಗಿದೆ.

ಮಗಳು


ನವೆಂಬರ್ ೨೭
(ಕಚೇರಿಯ ಮೂಲಕ)

ಮಗಳಿಗೆ,

ಮುದುಕಿಯನ್ನು ಕಳಿಸಿಕೊಡು. ನಾನು ಹುಟ್ಟುವ ಮೊದಲಿನಿಂದ ನಮ್ಮ ಮನೆಯಲ್ಲಿರುವವಳು. ಅವಳನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು, ಒಪ್ಪಿದ್ದೇನೆ. ಸಿಕ್ಕ ಅಪ್ಪಣೆಯ ಮೇರೆಗೆ ಭಟ್ಟಿಯ ಹಿಂದಿನ ಕೋಣೆಯನ್ನು ತೆರವು ಮಾಡಿದ್ದೇನೆ. ಗೋಡೆ ಒಣಗಿದೆ, ಸದಾ ಬಿಸಿ ಇರುತ್ತದೆ.

ಜೊತೆಗೆ ಗುಬ್ಬಿ ಬರಲಿ. ಯಾರು ಬಂದರೂ ಸರಿ.

ಅಪ್ಪ


ಡಿಸೆಂಬರ್ ೧೪
(ಗಾರ್ಡ್ ಮಾವನ ಕೈಯಲ್ಲಿ)

ಅಪ್ಪನಿಗೆ,

ಇದು ಕೈ ಸೇರುವ ಹೊತ್ತಿಗೆ ಅವರು ಬಂದಿರುತ್ತಾರೆ. ಕಾಗದವೂ ಅವರೂ ಇವತ್ತು ರಾತ್ರಿ ಹೊರಡುವ ಒಂದೇ ಗಾಡಿಯಲ್ಲಿ ಬರುತ್ತಿದ್ದಾರೆ. ಸಿಕ್ಕಿಬಿದ್ದರೆ ಕಾಗದ ಅವರ ಹತ್ತಿರ ಇರಬಾರದೆಂದು ಮಾವನ ಹತ್ತಿರ ಕೊಡುತ್ತಿದ್ದೇನೆ.

ಒಂಬತ್ತು ವರ್ಷದ ಮಗುವನ್ನು ಸಹಾಯಕಿ ಎಂದು ಕಳಿಸಬಹುದು, ಆದರೆ ಯಾರ ಸಹಾಯಕಿ? ಭರಣಿಯನ್ನು ಹಾಸಿಗೆಯಲ್ಲಿ ಸುತ್ತಿ ಗೇಟು ದಾಟಿಸಲಾಗುವುದಿಲ್ಲ. ನಾಲ್ಕು ದಿನ ಇದನ್ನೇ ಯೋಚಿಸಿದೆ. ಶೆಡ್ಡಿನಲ್ಲಿ ಬೇರೆ ಮುದುಕಿಯರಿದ್ದಾರೆ, ಅವರೆಲ್ಲ ಅವರವರ ಹೆಸರಿನಲ್ಲಿ ದಾಖಲಾದವರು, ಗುಮಾಸ್ತ ಅವರನ್ನು ಗುರುತಿಸುತ್ತಾನೆ. ಕೊನೆಗೆ ಅಮ್ಮನೇ ಹೇಳಿದಳು, ನಾನು ಹೋಗುತ್ತೇನೆ ಎಂದು. ನಿನ್ನನ್ನು ನೋಡಿದರೆ ಯಾರು ನಂಬುತ್ತಾರೆ, ನಿನಗಿನ್ನೂ ನಲವತ್ತೈದು ಎಂದೆ. ಅವಳು ತಲೆಯ ಬಟ್ಟೆ ಬಿಚ್ಚಿದಳು.

ನಾನು ದಿನವೂ ಅವಳ ಪಕ್ಕದಲ್ಲೇ ಮಲಗುತ್ತೇನೆ. ಆದರೂ ನೋಡಿರಲಿಲ್ಲ. ಕೂದಲಿಗೆ ಬಳಿಯಲು ಬೂದಿ ಕಲಸಬೇಕಾದೀತು ಎಂದುಕೊಂಡಿದ್ದೆ. ಬೇಕಾಗಲಿಲ್ಲ.

“ಇಲ್ಲಿ ಕನ್ನಡಿ ಇಲ್ಲದ್ದು ಒಳ್ಳೇದೇ ಆಯ್ತು ಬಿಡು,” ಅಂದಳು.

ಅವಳು ಹೊರಡಲು ಒಪ್ಪಿದ್ದು ಸುಲಭವಾಗಿ ಅಲ್ಲ. ದೊಡ್ಡವಳನ್ನು ಬಿಟ್ಟು ಹೋಗಲಾರೆ, ನೀನೇ ಏನಾದರೂ ಉಪಾಯ ಮಾಡಿ ಹೋಗು ಅಂದಳು. ಹದಿನೇಳರ ಮುದುಕಿ ಎಲ್ಲಿರುತ್ತಾಳೆ ಎಂದು ಕೇಳಿದೆ. ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ಗುಬ್ಬಿಗೆ ಕೆಮ್ಮು ಹತ್ತಿತು, ಮಾತು ಅಲ್ಲಿಗೆ ಮುಗಿಯಿತು.

ಗುಬ್ಬಿಗೆ ‘ಅಜ್ಜಿ’ ಅನ್ನುವುದನ್ನು ಅಭ್ಯಾಸ ಮಾಡಿಸಬೇಕಾಯಿತು. ಅವಳಿಗೆ ಅದು ಆಟ. ಮೂರು ಸಲ ಸರಿಯಾಗಿ ಅಂದರೆ ನಾಲ್ಕನೇ ಸಲ ‘ಅಮ್ಮಜ್ಜಿ’ ಆಗುತ್ತಿತ್ತು. ಬಾಯಿ ತಪ್ಪಿದರೆ ಏನಾಗುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ. ಅಮ್ಮ ಹೇಳು ಅಂದಳು, ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ಗುಮಾಸ್ತನೇ ನಿಂತಿದ್ದ. ಸೆಪ್ಟೆಂಬರಿನಲ್ಲಿ ಕಿಟಕಿಯ ಮುಂದೆ ನಿಂತು ಉತ್ತರ ಕೊಟ್ಟ, ದಿನಾ ಹಾಜರಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಲ್ಲುವ ಹೆಂಗಸೇ ಇವಳೆಂದು ಅವನಿಗೆ ತಿಳಿದುಬಿಡುತ್ತದೆ, ಮೂವರನ್ನೂ ಹಿಡಿದು ಒಳಗೆ ಹಾಕುತ್ತಾರೆ, ಇದು ನನ್ನ ಲೆಕ್ಕ. ಅವನು ಅಮ್ಮನ ಮುಖವನ್ನು ಸರಿಯಾಗಿಯೇ ನೋಡಿದ. ಆಮೇಲೆ ಅವಳ ಕೈಯ ಚೀಲ ಇಸಿದುಕೊಂಡ.

“ನಡಿಯೋಕಾಗುತ್ತಾ ಅಜ್ಜಿ? ನಿಮ್ಮ ಸೊಸೆ ಎಲ್ಲಿ, ಕಳಿಸೋಕೂ ಬರಲಿಲ್ವಾ?”

“ಅವಳಿಗೆ ಮೈ ಹುಷಾರಿಲ್ಲಪ್ಪ,” ಎಂದಳು ಅಮ್ಮ. “ಮಲಗಿದಾಳೆ. ಏಳೋ ಹಂಗಿಲ್ಲ.”

ಇದನ್ನು ನಾವು ಮಾತಾಡಿಕೊಂಡಿರಲಿಲ್ಲ. ಅವಳೇ ಆ ಗಳಿಗೆಯಲ್ಲಿ ಹೇಳಿದ್ದು. ನಾಳೆಯ ಹಾಜರಿಗೆ ನಾನು ಒಬ್ಬಳೇ ನಿಂತರೆ ಕೇಳುವ ಪ್ರಶ್ನೆಗೆ ಅದೇ ಉತ್ತರ. ಗುಮಾಸ್ತ ನನ್ನ ಕಡೆ ತಿರುಗಿ, ಅಜ್ಜಿ ಹೋದ ಮೇಲಾದರೂ ಅಮ್ಮನನ್ನು ಸರಿಯಾಗಿ ನೋಡಿಕೋ ಎಂದ. ಆಗಲಿ ಎಂದೆ.

ಗುಬ್ಬಿಯನ್ನು ನೋಡಿ ಅವನಿಗೆ ನಗು ಬಂತು. ಇವರಿಬ್ಬರಲ್ಲಿ ಯಾರು ಯಾರನ್ನು ನೋಡಿಕೊಳ್ಳುವುದು ಎಂದು ಪಕ್ಕದ ಸಿಪಾಯಿಯನ್ನು ಕೇಳಿದ. ಗುಬ್ಬಿ ಅಮ್ಮನ ಮೊಣಕೈ ಹಿಡಿದು, “ಬಾ ಅಜ್ಜಿ, ಮೆಟ್ಟಿಲು ಎತ್ತರ ಇದೆ,” ಎಂದಳು. ಒಂದು ಅಕ್ಷರ ತಪ್ಪಲಿಲ್ಲ. ಅಮ್ಮ ತಿರುಗಿ ನೋಡಲಿಲ್ಲ. ನೋಡಬಾರದೆಂದು ನಾನೇ ಹೇಳಿದ್ದೆ.

ನಾನು ಇನ್ನು ಹೋಗುವಂತಿಲ್ಲ. ಕಚೇರಿಯ ಲೆಕ್ಕದಲ್ಲಿ ಇಲ್ಲೇ ಇರುವ ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಯುದ್ಧ ಮುಗಿಯುವ ತನಕ ಅವಳು ಮಲಗಿಯೇ ಇರಬೇಕು, ಅವಳ ಪಾಲನ್ನು ನಾನು ತರುತ್ತಿರಬೇಕು. ಅದನ್ನು ಅಚ್ಚು ತೊಳೆಯುವ ಮಕ್ಕಳಿಗೆ ಹಂಚುತ್ತೇನೆ. ಸುಳ್ಳಿನ ವಿಷಯ ಸೆಪ್ಟೆಂಬರಿನಲ್ಲಿ ನಾನು ಬರೆದದ್ದನ್ನು ಅಳಿಸುವುದಿಲ್ಲ. ಅದು ಈಗಲೂ ಸರಿ ಎಂದೇ ನನ್ನ ನಂಬಿಕೆ. ಆದರೆ ಕರಪತ್ರದಲ್ಲಿ ಅದನ್ನು ಬರೆದವರಿಗೆ ಕೆಮ್ಮುವ ತಂಗಿ ಇದ್ದಿರಲಾರಳು.

ಹಿಟ್ಟನ್ನು ಎರಡು ಪಾಲು ಮಾಡಿದ್ದೇವೆ. ಒಂದು ಪಾಲು ತಟ್ಟೆಯಲ್ಲಿ ಒಣಗಿಸಿ ಪುಡಿ ಮಾಡಿ ಗುಬ್ಬಿಯ ಕಾಲುಚೀಲದಲ್ಲಿ ಹಾಕಿದ್ದೇನೆ, ಬೆಚ್ಚನೆಯ ನೀರಿಗೆ ಹಾಕಿದರೆ ಮತ್ತೆ ಏಳುತ್ತದೆ. ಇನ್ನೊಂದು ಇಲ್ಲಿ ಭರಣಿಯಲ್ಲಿದೆ. ಮುಚ್ಚಳ ಒಡೆದಿತ್ತು. ಬಾಯಿಗೆ ನಾನು ಊರಿನಿಂದ ತಂದಿದ್ದ ಕರಪತ್ರ ಕಟ್ಟಿದ್ದೇನೆ, ಆ ಕಾಗದ ತೆಳು, ಗಾಳಿ ಆಡುತ್ತದೆ.

ಮಗಳು


ಡಿಸೆಂಬರ್ ೨೩
(ಗಾರ್ಡನ ಕೈಯಲ್ಲಿ)

ಮಗಳಿಗೆ,

ತಲುಪಿದರು. ಗುಬ್ಬಿ ಭಟ್ಟಿಯ ಹಿಂದಿನ ಕೋಣೆಯಲ್ಲಿದ್ದಾಳೆ. ಕೆಮ್ಮು ನಿಂತಿಲ್ಲ, ಶಬ್ದ ಕಡಿಮೆಯಾಗಿದೆ. ಎರಡು ದಿನ ಬರೀ ನಿದ್ದೆ ಮಾಡಿದಳು.

ಅವರು ಬಂದ ಬಗೆಯನ್ನು ಬರೆಯಬೇಕು. ಗುಬ್ಬಿ ಬರುತ್ತಾಳೆ, ಜೊತೆಗೆ ಭರಣಿ ಹೇಗೋ ಬರುತ್ತದೆ ಎಂದಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ನಿನ್ನ ಕಾಗದ ಇನ್ನೂ ಗಾರ್ಡನ ಜೇಬಿನಲ್ಲೇ ಇತ್ತು. ಬಾಗಿಲು ತಟ್ಟಿದ ಸದ್ದಾಯಿತು, ತೆಗೆದೆ. ಮುದುಕಿಯೊಬ್ಬಳು ನಿಂತಿದ್ದಳು. ಇಲ್ಲಿ ದಿನಾ ಯಾರಾದರೂ ಬಂದು ಕೇಳುತ್ತಾರೆ, ಕೊಟ್ಟರೆ ಬೇಕರಿಗೆ ಹಾಕಿರುವ ಕಾವಲಿನವನು ನನ್ನನ್ನು ಬಿಡುವುದಿಲ್ಲ. ಇದು ಸೈನ್ಯದ ಬ್ರೆಡ್ಡು ಅಜ್ಜಿ, ಕೊಡುವ ಹಾಗಿಲ್ಲ ಎಂದೆ. ಬಾಗಿಲು ಹಾಕಿದೆ. ಅಗಳಿಯನ್ನೂ ಹಾಕಿದೆ.

ಹೊರಗಿನಿಂದ ಧ್ವನಿ ಬಂತು.

“ಭಟ್ಟೀಲಿ ಏನೋ ಸೀಯ್ತಿದೆ, ನೋಡ್ರಿ ಮೊದ್ಲು.”

ಇಪ್ಪತ್ತು ವರ್ಷ ದಿನಾ ಕೇಳಿದ ಮಾತು. ನಾನು ಅಗಳಿಯನ್ನು ಎಳೆದೆ. ಕೈ ಹಿಟ್ಟಾಗಿತ್ತು, ಜಾರಿತು. ಅವಳು ಹೊರಗೇ ನಿಂತು, ಅವಸರ ಬೇಡ, ಮೊದಲು ಬ್ರೆಡ್ಡು ತೆಗೆಯಿರಿ ಎಂದಳು. ಹಿಂದೆ ಗಾರ್ಡು ಗುಬ್ಬಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ. ಬ್ರೆಡ್ಡು ನಿಜವಾಗಿಯೂ ಸೀದಿತ್ತು. ಅವನಿಗೇ ಕೊಟ್ಟೆ.

ಬಾಗಿಲು ತೆಗೆಯುವವನು ಒಬ್ಬ ಇರಬೇಕೆಂದು ನಿನಗೆ ಬರೆದವನು ನಾನು. ಅವಳು ಆ ಮಾತು ಎತ್ತಿಲ್ಲ.

ಈಗ ಕಾವಲಿನವನ ಮುಂದೆ ನಾನು ಅವಳನ್ನು ‘ಅಮ್ಮ’ ಅನ್ನಬೇಕು. ಅವಳೂ ಅದಕ್ಕೆ ತಕ್ಕ ಹಾಗೆ ಗದರಿಸುತ್ತಾಳೆ, ಸ್ವಲ್ಪ ಹೆಚ್ಚೇ 
ಅನ್ನಬೇಕು. ಗುಬ್ಬಿಯ ಕಾಲುಚೀಲದ ಪುಡಿಗೆ ನೀರು ಹಾಕಿದ್ದೇನೆ. ಮೊದಲ ಎರಡು ದಿನ ಸತ್ತ ಹಾಗೆ ಬಿದ್ದಿತ್ತು. ಮೂರನೇ ದಿನ ಗುಳ್ಳೆ ಎದ್ದವು.

ನಿನ್ನದನ್ನೂ ಉಣಿಸು. ಕಚೇರಿಯ ಕಾಗದದಲ್ಲಿ ಮಾತ್ರ, ದಯವಿಟ್ಟು, ಇನ್ನು ಮೇಲೆ ಹಿಟ್ಟಿಗೆ ಹಿಟ್ಟು ಎಂದೇ ಬರಿ.

ಅಗಳಿ ಹಾಕುವುದನ್ನು ಬಿಟ್ಟಿದ್ದೇನೆ. ಕಾವಲಿನವನು ಕೇಳಿದ್ದಕ್ಕೆ, ಮರ ಉಬ್ಬಿದೆ, ಕೂರುವುದಿಲ್ಲ ಎಂದು ಹೇಳಿದ್ದೇನೆ.

ಅಪ್ಪ


ಜನವರಿ ೫
(ಕಚೇರಿಯ ಮೂಲಕ)

ಅಪ್ಪನಿಗೆ,

ಅಜ್ಜಿ ಸುಖವಾಗಿ ಬಂದು ತಲುಪಿದರೆಂದು ತಿಳಿದು ಅಮ್ಮನಿಗೂ ನನಗೂ ಸಮಾಧಾನವಾಯಿತು. ಅಮ್ಮ ಇನ್ನೂ ಎದ್ದಿಲ್ಲ. ಜ್ವರ ಬರುತ್ತದೆ, ಹೋಗುತ್ತದೆ, ಹಾಜರಿಗೆ ನಿಲ್ಲಲಾರಳು. ಗುಮಾಸ್ತರು ಬಾಗಿಲ ತನಕ ಬಂದು ವಿಚಾರಿಸಿ ಹೋಗುತ್ತಾರೆ, ಒಳ್ಳೆಯವರು. ಅವಳಿಗೆ ಹೊತ್ತು ಹೊತ್ತಿಗೆ ಉಣಿಸುತ್ತೇನೆ. ನಿನ್ನನ್ನೂ ಗುಬ್ಬಿಯನ್ನೂ ಕೇಳುತ್ತಿರುತ್ತಾಳೆ. ರಾತ್ರಿ ಇಬ್ಬರೂ ಒಂದೇ ಕಂಬಳಿ ಹೊದೆಯುವುದರಿಂದ ಚಳಿ ಗೊತ್ತಾಗುವುದಿಲ್ಲ. ನನಗೆ ಇಲ್ಲಿ ಒಂಟಿ ಎಂದು ಅನ್ನಿಸುವುದಿಲ್ಲ.

ಹಿಟ್ಟು ಉಬ್ಬುತ್ತಿದೆ ಕಣೋ. ಬಾಗಿಲು ಹಾಕ್ಕೋಬೇಡ.

ನಿನ್ನ ಮಗಳು